ಪೆನ್ಸಿಲಿನಲ್ಲಿ ಬರೆದ ತಾರೀಕು

ಹೆರಿಗೆ ಕಾರ್ಡಿನ ಮೇಲೆ ಬರೆದ ತಾರೀಕೆಂದರೆ ರೈಲಿನ ರಿಸರ್ವೇಶನ್ ಇದ್ದ ಹಾಗೆ ಎಂದು ಇಪ್ಪತ್ತಾರು ವರ್ಷ ತುಂಬಿದ, ಡಿಗ್ರಿ ಮುಗಿಸಿದ, ಕನ್ನಡಕ ಹಾಕುವ ಒಬ್ಬ ಗಂಡಸು ನಂಬಿದ್ದ. ಅವನ ಅಕ್ಕನ ಕಾರ್ಡಿನಲ್ಲಿ ಹದಿನೇಳು ಎಂದಿತ್ತು. ಹದಿನೇಳರಂದು ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಫ್ಲಾಸ್ಕು, ಎರಡು ಟವೆಲು, ಹೆಬ್ಬೆರಳುದ್ದದ ಒಂದು ಜೊತೆ ಕಾಲುಚೀಲ ಹಿಡಿದು ಬೆಳಿಗ್ಗೆ ಏಳಕ್ಕೇ ಹೆರಿಗೆ ಆಸ್ಪತ್ರೆಯ ಬಾಗಿಲಲ್ಲಿ ಹಾಜರಾದ. ಪೇಶಂಟ್ ಎಲ್ಲಿ ಎಂದು ವಾಚ್‌ಮನ್ ಕೇಳಿದ. ಮನೆಯಲ್ಲಿದ್ದಾಳೆ, ತಿಂಡಿ ತಿಂದು ಬರುತ್ತಾಳೆ ಎಂದು ಇವನೆಂದ. ನೋವು ಶುರುವಾಗಿದೆಯಾ ಎಂದರೆ, ಇನ್ನೂ ಇಲ್ಲ, ಆದರೆ ಇವತ್ತೇ ತಾರೀಕಲ್ಲವಾ ಎಂದ. ವಾಚ್‌ಮನ್ ಸುಮ್ಮನೆ ಒಳಗೆ ಹೋಗಿ ಇನ್ನಿಬ್ಬರನ್ನು ಕರೆದುಕೊಂಡು ಬಂದ. ಒಬ್ಬನೇ ನಕ್ಕರೆ ಸಾಲದು ಎನ್ನಿಸಿರಬೇಕು. ಅಕ್ಕ ಹೆತ್ತದ್ದು ಇಪ್ಪತ್ತಾರಕ್ಕೆ. ಅಷ್ಟರಲ್ಲಿ ಇವನು ಕಾಲುಚೀಲ ಎಲ್ಲಿಟ್ಟೆನೆಂದೇ ಮರೆತಿದ್ದ.

ಇಂಥ ಬುದ್ಧಿವಂತನನ್ನು ಆರು ತಿಂಗಳ ನಂತರ ಅದೇ ಆಸ್ಪತ್ರೆಯ ಕಾರ್ಡ್ ರೂಮಿಗೆ ಕಂಪ್ಯೂಟರಿನವನನ್ನಾಗಿ ತೆಗೆದುಕೊಂಡರು. ಗರ್ಭಿಣಿಯರ ತಾರೀಕುಗಳನ್ನು ಟೈಪ್ ಮಾಡುವುದೇ ಕೆಲಸ. "ಏನ್ ಸಾರ್, ಇವತ್ತು ತಾರೀಕಾ?" ಎಂದು ವಾಚ್‌ಮನ್ ದಿನಾ ಬೆಳಿಗ್ಗೆ ಕೇಳುತ್ತಿದ್ದ. ಇದನ್ನು ಬರೆಯುತ್ತಿರುವವನೂ ಅವನೇ ಆದ್ದರಿಂದ ಅವನ ಪ್ರತಾಪಗಳನ್ನು ಇನ್ನೂ ಎಷ್ಟೋ ಹೇಳಬಹುದು. ಆದರೆ ಕಥೆ ಅವನದಲ್ಲ. ಅವನ ಎದುರು ಮೇಜಿನಲ್ಲಿ ಕೂರುತ್ತಿದ್ದ ತಾರೀಕಿನ ಸಿಸ್ಟರದ್ದು.

ತಾರೀಕಿನ ಸಿಸ್ಟರ್ ಎಂಬುದು ಆಸ್ಪತ್ರೆಯವರು ಇಟ್ಟ ಹೆಸರು. ನಲವತ್ತೆಂಟು ದಾಟಿದ, ತೆಳ್ಳಗಿನ, ನಡೆದರೆ ಚಪ್ಪಲಿಯ ಸದ್ದೂ ಆಗದ ಹೆಂಗಸು. ಹೊಸದಾಗಿ ಬಂದ ಗರ್ಭಿಣಿಯರೆಲ್ಲ ಮೊದಲು ಅವರ ಮೇಜಿಗೆ ಬರಬೇಕು. ಅವರ ಕೈಯಲ್ಲೊಂದು ರಟ್ಟಿನ ಚಕ್ರ. ಎರಡು ಬಿಲ್ಲೆಗಳನ್ನು ನಡುವೆ ಒಂದು ಗುಂಡಿ ಹಾಕಿ ಜೋಡಿಸಿದ್ದು. ಮೇಲಿನ ಬಿಲ್ಲೆಯ ಬಾಣವನ್ನು ಕೊನೆಯ ಮುಟ್ಟಿನ ದಿನಕ್ಕೆ ತಿರುಗಿಸಿದರೆ ಇನ್ನೊಂದು ಬಾಣ ಹೆರಿಗೆಯ ದಿನವನ್ನು ತೋರಿಸುತ್ತದೆ. ತಿರುಗಿಸಿ ತಿರುಗಿಸಿ ಅಂಚೆಲ್ಲ ಎಣ್ಣೆ ಹಿಡಿದಂತೆ ಕಪ್ಪಾಗಿತ್ತು. ತಾರೀಕನ್ನು ಅವರು ಪೆನ್ಸಿಲಿನಲ್ಲೇ ಬರೆಯುತ್ತಿದ್ದರು. ಬರೆದು ಕಾರ್ಡು ಕೊಡುವಾಗ ಒಂದೇ ಮಾತು:

"ಇದು ನಮ್ಮ ಅಂದಾಜು ಕಣಮ್ಮಾ. ಮಗುವಿಗೆ ಇದನ್ನ ಯಾರೂ ಹೇಳಿಲ್ಲ."

ಪೆನ್ಸಿಲಿನ ಬಗ್ಗೆ ಮೇಲಿನವರಿಂದ ಮೂರು ಸುತ್ತೋಲೆ ಬಂದಿದ್ದವು. ಕಾರ್ಡನ್ನು ಪೆನ್ನಿನಲ್ಲೇ ತುಂಬತಕ್ಕದ್ದು. ಸಿಸ್ಟರ್ ಮೂರನ್ನೂ ಓದಿ, ಸಹಿ ಹಾಕಿ, ಸಹಿಯನ್ನು ಮಾತ್ರ ಪೆನ್ನಿನಲ್ಲಿ ಹಾಕಿ, ಮತ್ತೆ ಪೆನ್ಸಿಲ್ ಚೂಪು ಮಾಡಿಕೊಂಡು ಕೂತರು. ಹೆರಿಗೆ ಆದ ಮೇಲೆ ನಿಜವಾದ ತಾರೀಕನ್ನು ಕಪ್ಪು ಮಸಿಯಲ್ಲಿ ಬರೆಯುವುದು ಅವರ ಪದ್ಧತಿ. ಸ್ಕ್ಯಾನರಿಗೆ ಪೆನ್ಸಿಲ್ ಕಾಣಿಸುವುದಿಲ್ಲ ಎಂದು ಕಂಪ್ಯೂಟರಿನವನು ಗೋಗರೆದ. ಹಾಗಾದರೆ ಅದಕ್ಕೂ ಒಂದು ಕನ್ನಡಕ ಮಾಡಿಸಪ್ಪಾ ಬಟನ್ನು, ಎಂದರು. ದಿನವಿಡೀ ಬಟನ್ನು ಒತ್ತುವವನಿಗೆ ಅವತ್ತಿನಿಂದ ಅದೇ ಹೆಸರು.

ಬಟನ್ನು ಸುಮ್ಮನೆ ಕೂರುವ ಆಸಾಮಿಯಲ್ಲ. ಎರಡನೇ ತಿಂಗಳಲ್ಲೇ ಅವನೊಂದು ಕರಾಮತ್ತು ಮಾಡಿದ. ತಾರೀಕು ದಾಟಿದ ಹೆಸರುಗಳೆಲ್ಲ ಪರದೆಯ ಮೇಲೆ ತಾವಾಗಿಯೇ ಕೆಂಪಾಗಿ, ಮುಂದೆ 'ತಡ' ಎಂದು ಬರುವ ಹಾಗೆ. ಮೇಲಿನವರು ಬೆನ್ನು ತಟ್ಟಿದರು. ಉತ್ಸಾಹ ನೆತ್ತಿಗೇರಿ ಅವನು ಆ ಪಟ್ಟಿಯನ್ನು ಪ್ರಿಂಟ್ ಮಾಡಿ ಕಾರಿಡಾರಿನ ಹಲಗೆಗೆ ಅಂಟಿಸಿದ. ಮಾರನೆಯ ಬೆಳಿಗ್ಗೆ ಒಬ್ಬ ಹೆಂಗಸು ಆ ಪಟ್ಟಿಯ ಮುಂದೆ ನಿಂತು, ಪಕ್ಕದಲ್ಲಿದ್ದ ಸೊಸೆಯ ಹೆಸರನ್ನು ಗಟ್ಟಿಯಾಗಿ ಓದಿದಳು. ನಾಲ್ಕು ದಿನ ತಡವಂತೆ, ನೋಡು, ಇಲ್ಲೂ ಮಾನ ಕಳೆದೆಯಲ್ಲ ಎಂದಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸೊಸೆ ಹೊಟ್ಟೆಯ ಮೇಲೆ ಸೆರಗೆಳೆದುಕೊಂಡು ನೆಲ ನೋಡುತ್ತ ನಿಂತಳು.

ತಾರೀಕಿನ ಸಿಸ್ಟರ್ ಎದ್ದು ಹೋಗಿ ಪಟ್ಟಿಯನ್ನು ಕಿತ್ತರು. ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿ ತಂದು ಬಟನ್ನಿನ ಊಟದ ಚೀಲದೊಳಗೆ ಇಟ್ಟರು.

"ತಡ ಮಾಡ್ತಿರೋದು ಯಾರು ಅಂತ ನಿನ್ನ ಯಂತ್ರಕ್ಕೆ ಗೊತ್ತಾ, ತಮ್ಮಾ?"

ದನಿ ಏರಿರಲಿಲ್ಲ. ಅದಕ್ಕೇ ಅವನು ಮಧ್ಯಾಹ್ನ ಆ ಚೀಲವನ್ನು ಬಿಚ್ಚದೆ ಹಾಗೇ ಮನೆಗೆ ವಾಪಸು ಒಯ್ದ.

ಆ ಮಾತಿನ ಬೇರು ಎಲ್ಲಿದೆ ಎಂದು ಅವನಿಗೆ ತಿಳಿಸಿದ್ದು ವಾರ್ಡಿನ ಆಯಾ. ಮೂವತ್ತು ವರ್ಷದಿಂದ ಅಲ್ಲಿ ನೆಲ ಒರೆಸುತ್ತ ಎಲ್ಲರ ಜಾತಕ ಬಲ್ಲವಳು. ಸಿಸ್ಟರ್ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತಂತೆ, ಮದುವೆಯಾಗಿ ಎರಡು. ಬಸಿರಾದಾಗ ತನ್ನ ಕಾರ್ಡಿಗೆ ತಾನೇ ಚಕ್ರ ತಿರುಗಿಸಿ, ತಾನೇ ತಾರೀಕು ಬರೆದುಕೊಂಡಿದ್ದರು. ಮಸಿಯಲ್ಲಿ, ದುಂಡಗೆ. ಸಹಿಯನ್ನೂ ತಾನೇ ಹಾಕಿಕೊಂಡು ನಕ್ಕಿದ್ದರಂತೆ. ಆ ತಾರೀಕು ಬಂತು, ಹೋಯಿತು. ಒಂದು ವಾರ, ಎರಡು ವಾರ. ನೋವಿನ ಸುಳಿವಿಲ್ಲ. ನಿನ್ನ ಲೆಕ್ಕವೇ ತಪ್ಪಿರಬೇಕು, ಕಾಯೋಣ ಎಂದರು ಆಗಿನ ಡಾಕ್ಟರು. ಆಗಿನ್ನೂ ಆಸ್ಪತ್ರೆಗೆ ಸ್ಕ್ಯಾನ್ ಯಂತ್ರ ಬಂದಿರಲಿಲ್ಲ. ಮೆಟ್ಟಿಲು ಹತ್ತಿಸಿದರು, ಇಳಿಸಿದರು, ಯಾರೋ ಹೇಳಿದ ಕಷಾಯ ಕುಡಿಸಿದರು. ತಾರೀಕು ದಾಟಿದ ಇಪ್ಪತ್ತಾರನೆಯ ದಿನ ನೋವು ಬರಿಸುವ ಡ್ರಿಪ್ ಹಾಕಿದರು. ಎರಡು ಹಗಲು ಎರಡು ರಾತ್ರಿ ಡ್ರಿಪ್ಪು ಹನಿಯುತ್ತಲೇ ಇತ್ತು, ಗರ್ಭಕೋಶ ಕಲ್ಲಿನ ಹಾಗೆ ಸುಮ್ಮನಿತ್ತು. ಮೂರನೆಯ ಬೆಳಿಗ್ಗೆ ಕೊನೆಗೂ ನೋವೆದ್ದು ಹೆಣ್ಣು ಮಗು ಹುಟ್ಟಿತು. ಹುಬ್ಬಿನಿಂದ ಮೇಲಕ್ಕೆ ತಲೆಯೇ ಬೆಳೆದಿರಲಿಲ್ಲ.

ಇಪ್ಪತ್ತು ನಿಮಿಷ ಉಸಿರಾಡಿತು ಎಂದಳು ಆಯಾ. ದಿನ ಹೆಚ್ಚು ತುಂಬಿದ್ದರಿಂದ ಬೆರಳುಗಳಲ್ಲಿ ಉಗುರು ಉದ್ದ ಬೆಳೆದಿತ್ತು. ಬೇರೇನು ಮಾಡಬೇಕೆಂದು ತೋಚದೆ ತಾಯಿ ಆ ಉಗುರುಗಳನ್ನು ಒಂದೊಂದಾಗಿ ಸವರುತ್ತಿದ್ದಳಂತೆ, ಎಣಿಸುವವಳ ಹಾಗೆ.

ಅತ್ತೆ ಅವತ್ತು ವರಾಂಡದಲ್ಲೇ ತೀರ್ಪು ಕೊಟ್ಟುಬಿಟ್ಟರು. ಸೊಸೆಯ ಮೈ ಹೊತ್ತಿಗೆ ಸರಿಯಾಗಿ ನೋವು ಕೊಡಲಿಲ್ಲ. ಕೊಟ್ಟಿದ್ದರೆ ಮಗು ಉಳಿಯುತ್ತಿತ್ತು. ಇದರಲ್ಲಿ ಎರಡನೆಯ ಮಾತು ಸುಳ್ಳೆಂದು ಸಿಸ್ಟರಿಗೆ ಗೊತ್ತಿತ್ತು. ತಲೆ ಕೂಡಿಕೊಳ್ಳದೆ ಹೋಗುವುದು ಮೊದಲ ತಿಂಗಳಲ್ಲೇ ಎಂದು ಅವರೇ ಓದಿದ್ದರು. ಆದರೆ ಮೊದಲನೆಯ ಮಾತು? ನೋವು ಬರುವುದು ಆಕ್ಸಿಟೋಸಿನ್ ಎಂಬ ಹಾರ್ಮೋನಿನಿಂದ, ಅದು ಇಳಿಯುವುದು ತಾಯಿಯ ಮಿದುಳಿನಿಂದ ಎಂದೇ ಅವರಿಗೆ ಟ್ರೇನಿಂಗಿನಲ್ಲಿ ಕಲಿಸಿದ್ದರು. ತನ್ನದು ಇಳಿಯಲಿಲ್ಲ. ಒಳಗೆ ದಾರಿ ಕಾಯುತ್ತಿದ್ದ ಕೂಸನ್ನು ತನ್ನ ಮೈ ಕರೆಯಲಿಲ್ಲ. ಅರ್ಧ ಸತ್ಯವೇ ಜೀವ ತಿನ್ನಲು ಸಾಕಾಯಿತು. ಎರಡನೆಯ ಸಲ ಬಸಿರಾಗುವ ಧೈರ್ಯ ಬರಲಿಲ್ಲ. ಗಂಡ ತಾಯಿಯ ಪರವಾಗಿಯೂ ಆಡಲಿಲ್ಲ, ಹೆಂಡತಿಯ ಪರವಾಗಿಯೂ ಆಡಲಿಲ್ಲ. ಪೇಪರ್ ಓದುತ್ತ ಓದುತ್ತ ಒಂದು ದಿನ ಎದೆ ಹಿಡಿದುಕೊಂಡು ಹೋದ. ಉಳಿದದ್ದು ಅತ್ತೆ, ಸೊಸೆ.

ಅವರ ಮನೆಗೆ ಬಟನ್ನು ಒಂದೇ ಸಲ ಹೋಗಿದ್ದ. ಅತ್ತೆ ಹಾಸಿಗೆ ಹಿಡಿದಿದ್ದರು. ಬೆನ್ನು ಹುಣ್ಣಾಗದ ಹಾಗೆ ಹಾಸುವ ಗಾಳಿಯ ಹಾಸಿಗೆಯನ್ನು ಆಸ್ಪತ್ರೆಯಿಂದ ಎರವಲು ತೆಗೆದುಕೊಂಡಿದ್ದ ಸಿಸ್ಟರಿಗೆ ಅದನ್ನು ಹೊತ್ತು ತರಲು ಒಂದು ಹೆಗಲು ಬೇಕಿತ್ತು. ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗಿನ ಮಿಷನ್ನಿನ ಸದ್ದಿಗೆ ನೆಲ ಸಣ್ಣಗೆ ನಡುಗುತ್ತಿತ್ತು. ಹಾಸಿಗೆಗೆ ಗಾಳಿ ತುಂಬುತ್ತ ಅವನು ತಲೆಯೆತ್ತಿದಾಗ, ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ಸಿಕ್ಕಿಸಿದ ಒಂದು ಹಳದಿ ಕಾರ್ಡು ಕಂಡಿತು. ಮಸಿಯಲ್ಲಿ ಬರೆದ ತಾರೀಕು, ದುಂಡಗೆ. ಇಪ್ಪತ್ತಾರು ವರ್ಷದಿಂದ ಅಲ್ಲೇ ಇತ್ತು. ಸಿಕ್ಕಿಸಿದವರು ಅತ್ತೆ. ತೆಗೆಯುವ ಮನಸ್ಸು ಸೊಸೆಗೆ ಯಾಕೋ ಆಗಿರಲಿಲ್ಲ.

ಸಿಸ್ಟರ್ ಅವನಿಗೆ ಟೀ ಮಾಡಲು ಹೋದರು. ಸ್ವಲ್ಪ ಹೊತ್ತಾಯಿತು. ಅತ್ತೆ ಹಾಸಿಗೆಯಿಂದಲೇ, ಅವನನ್ನು ನೋಡಿ, ಸುಮ್ಮನೆ ಹವಾಮಾನ ಹೇಳುವವರ ಹಾಗೆ ಹೇಳಿದರು:

"ಕಾಯ್ಬೇಕಪ್ಪಾ. ಇವಳ ಕೈಲಿ ಯಾವುದು ಹೊತ್ತಿಗೆ ಸರಿಯಾಗಿ ಬಂದಿದೆ?"

ಅಡುಗೆಮನೆಯಲ್ಲಿ ಲೋಟದ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಟೀ ಕೊಟ್ಟ ಮೇಲೆ ಸಿಸ್ಟರ್ ಅತ್ತೆಯನ್ನು ಮಗ್ಗುಲಿಗೆ ತಿರುಗಿಸಿ, ಬೆನ್ನಿಗೆ ಪೌಡರ್ ಹಾಕಿ, ತಲೆಗೂದಲನ್ನು ದಿಂಬಿನಿಂದ ಬಿಡಿಸಿ ಮೇಲೆತ್ತಿದರು.

ಅದೇ ತಿಂಗಳು ಆಸ್ಪತ್ರೆಯಲ್ಲಿ ನರ್ಸುಗಳಿಗೊಂದು ತರಬೇತಿ ಇತ್ತು. ಹೆರಿಗೆ ನೋವು ಹೇಗೆ ಶುರುವಾಗುತ್ತದೆ ಎನ್ನುವುದು ಊಟವಾದ ಮೇಲಿನ ಕ್ಲಾಸು. ನಲವತ್ತು ಜನ ನರ್ಸುಗಳು, ಐದು ಫ್ಯಾನು, ಅದರಲ್ಲಿ ಮೂರು ತಿರುಗುತ್ತಿದ್ದವು. ಪಾಠ ಹೇಳಲು ಬಂದದ್ದು ಮೀಸೆ ಇನ್ನೂ ಸರಿಯಾಗಿ ಬಲಿಯದ ಒಬ್ಬ ಡಾಕ್ಟರು. ಸ್ಲೈಡು ಮುಂದೆ ತಳ್ಳುವ ಮಹತ್ಕಾರ್ಯ ಬಟನ್ನಿನದು. ಮೊದಲ ಹತ್ತು ನಿಮಿಷದಲ್ಲೇ ಹಿಂದಿನ ಎರಡು ಸಾಲು ನಿದ್ದೆಗೆ ಜಾರಿದ್ದವು.

ಡಾಕ್ಟರು ಒಳ್ಳೆಯ ಮಾತುಗಾರ. ಒಂಬತ್ತು ತಿಂಗಳು ಗರ್ಭಕೋಶವನ್ನು ಸುಮ್ಮನಿರಿಸುವುದು ಪ್ರೊಜೆಸ್ಟರಾನ್ ಎಂಬ ಹಾರ್ಮೋನು, ಅದು ಜೋಗುಳ ಹಾಡುತ್ತಿರುವವರೆಗೂ ಸ್ನಾಯು ಮಲಗಿರುತ್ತದೆ ಎಂದರು. ದಿನ ತುಂಬುತ್ತ ಬಂದ ಹಾಗೆ ಮಗುವಿನ ಮಿದುಳಿನ ಬುಡದಲ್ಲಿರುವ ಕಾಳಿಗಿಂತ ಚಿಕ್ಕ ಗ್ರಂಥಿಯೊಂದು ಮಗುವಿನ ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತ ಅಡ್ರಿನಲ್ ಗ್ರಂಥಿಗೆ ಸುದ್ದಿ ಕಳಿಸುತ್ತದೆ. ಅಡ್ರಿನಲ್ ತನ್ನ ಸರಕನ್ನು ಮಾಸಿಗೆ, ಅಂದರೆ ಪ್ಲಾಸೆಂಟಾಕ್ಕೆ, ದಾಟಿಸುತ್ತದೆ, ಮಾಸು ಅದನ್ನು ಈಸ್ಟ್ರೋಜೆನ್ ಮಾಡುತ್ತದೆ. ಈಸ್ಟ್ರೋಜೆನ್ನಿನ ಕೈ ಮೇಲಾದಂತೆ ಜೋಗುಳ ಗರ್ಭಕೋಶಕ್ಕೆ ಕೇಳಿಸದಾಗುತ್ತದೆ. ಸ್ನಾಯುವಿನ ಮೈಯಲ್ಲೆಲ್ಲ ಆಕ್ಸಿಟೋಸಿನ್ನಿಗೆಂದೇ ಹೊಸ ಕಿವಿಗಳು ಮೂಡುತ್ತವೆ. ಪ್ರೊಸ್ಟಗ್ಲಾಂಡಿನ್ ಎಂಬ ಇನ್ನೊಂದು ಬಂದು ಗರ್ಭಕೋಶದ ಬಾಯನ್ನು ಮೆತ್ತಗೆ ಮಾಡುತ್ತದೆ. ಇಷ್ಟೆಲ್ಲ ಆದ ಮೇಲೆ ತಾಯಿಯ ಆಕ್ಸಿಟೋಸಿನ್ನಿನ ಜೋರು: ಮಗು ಕೆಳಗೆ ಒತ್ತಿದಷ್ಟೂ ಅದು ಹೆಚ್ಚುತ್ತದೆ, ಹೆಚ್ಚಿದಷ್ಟೂ ನೋವು, ನೋವು ಬಂದಷ್ಟೂ ಇನ್ನೂ ಒತ್ತು, ಮಗು ಹೊರಗೆ ಬರುವವರೆಗೆ. ಕಿವಿ ಮೂಡುವ ಮೊದಲೇ ಡ್ರಿಪ್ ಹಾಕಿದರೆ ಗೋಡೆಯ ಹತ್ತಿರ ಮಾತಾಡಿದ ಹಾಗೆ, ಎಂದರು.

ತಾರೀಕಿನ ಸಿಸ್ಟರ್ ಮೊದಲ ಸಾಲಿನಲ್ಲಿದ್ದರು. ಸ್ಕೂಲು ಹುಡುಗಿಯ ಹಾಗೆ ಕೈಯೆತ್ತಿದರು.

"ಸಾರ್, ಮಗುವಿಗೆ ಮಿದುಳೇ ಬೆಳೆದಿಲ್ಲ ಅಂದ್ರೆ? ಆಗ ಸುದ್ದಿ ಯಾರು ಕಳಿಸ್ತಾರೆ?"

ಡಾಕ್ಟರಿಗೆ ಒಳ್ಳೆಯ ಪ್ರಶ್ನೆ ಸಿಕ್ಕಿದ ಖುಷಿ. ಯಾರೂ ಕಳಿಸುವುದಿಲ್ಲ ಎಂದರು. ಅಂಥ ಮಕ್ಕಳು ಎಷ್ಟೋ ಸಲ ದಿನ ತುಂಬುವ ಮೊದಲೇ ಹುಟ್ಟಿಬಿಡುತ್ತವೆ, ಕೆಲವು ಸಲ ವಾರಗಟ್ಟಲೆ ನೋವೇ ಬರುವುದಿಲ್ಲ. ಕುರಿಗಳಲ್ಲಿ ಇದನ್ನು ಸ್ಪಷ್ಟವಾಗಿ ಕಂಡಿದ್ದಾರೆ. ಮನುಷ್ಯರಲ್ಲಿ ಪೂರ್ತಿ ಬಿಡಿಸಿ ಹೇಳಲು ಇನ್ನೂ ಆಗಿಲ್ಲ.

"ಒಂದಂತೂ ನಿಜ ಸಿಸ್ಟರ್, ಅಂಥಲ್ಲಿ ತಾಯಿ ಕೈಲಿ ಏನೂ ಇರಲ್ಲ."

ಸಿಸ್ಟರ್ ಕೂತರು. ಸ್ವಲ್ಪ ಹೊತ್ತಿನ ಮೇಲೆ, ಮಗುವಿನ ಮಿದುಳಿನಿಂದ ಬಾಣಗಳು ಹೊರಟಿದ್ದ ಆ ಚಿತ್ರ ಇನ್ನೊಂದು ಸಲ ಹಾಕು ಎಂದು ಬಟನ್ನಿನ ಕಡೆ ನೋಡದೆಯೇ ಹೇಳಿದರು. ಅವನು ಗಾಬರಿಯಲ್ಲಿ ಹಿಂದಕ್ಕೆ ಒತ್ತುವ ಬದಲು ಮುಂದಕ್ಕೆ ಒತ್ತಿದ. ದೊಡ್ಡ ಅಕ್ಷರದಲ್ಲಿ 'ಧನ್ಯವಾದಗಳು' ಎಂದು ಬಂತು. ಮಲಗಿದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಕ್ಲಾಸು ಮುಗಿಯಿತು.

ಸಂಜೆ ಎಲ್ಲರೂ ಹೋದ ಮೇಲೆ ಸಿಸ್ಟರ್ ಕಾರ್ಡ್ ರೂಮಿನಲ್ಲಿ ಚಕ್ರವನ್ನು ಸುಮ್ಮನೆ ತಿರುಗಿಸುತ್ತ ಕೂತಿದ್ದರು. ಆ ಚಿತ್ರ ಒಂದು ಕಾಗದದಲ್ಲಿ ಸಿಗುತ್ತದಾ ಎಂದು ಕೇಳಿದರು. ಅತ್ತೆ ಹೆಚ್ಚು ದಿನ ಇರುವ ಹಾಗೆ ಕಾಣುವುದಿಲ್ಲ, ಅನ್ನ ಬಿಟ್ಟು ವಾರವಾಯಿತು ಎಂದರು. ಆಮೇಲೆ ಪೆನ್ಸಿಲಿನ ತುದಿ ನೋಡುತ್ತ:

"ಹೋಗೋಕೆ ಮುಂಚೆ ಒಂದ್ಸಲ, ನಿನ್ನದಲ್ಲ ಅಂತ ಅವರ ಬಾಯಲ್ಲಿ ಕೇಳ್ಬೇಕು ತಮ್ಮಾ. ಒಂದೇ ಸಲ ಸಾಕು. ಅವರಲ್ಲದೆ ಅದನ್ನ ಹೇಳೋರು ಇನ್ಯಾರೂ ಉಳಿದಿಲ್ಲ."

ಬಟನ್ನಿಗೆ ರೋಮಾಂಚನವಾಯಿತು. ಇಪ್ಪತ್ತಾರು ವರ್ಷದ ಅನ್ಯಾಯವನ್ನು ತನ್ನ ಪ್ರಿಂಟರು ಸರಿಮಾಡಲಿದೆ ಎಂದು ಎದೆಯುಬ್ಬಿತು. ದೊಡ್ಡ ಹಾಳೆ ಹಾಕಿದ. ಬಾಣಗಳಿಗೆ ಬಣ್ಣ ಕೊಟ್ಟ. ಅಷ್ಟಕ್ಕೇ ಬಿಟ್ಟಿದ್ದರೆ ಅವನು ಬಟನ್ನು ಹೇಗಾದಾನು? ಚಿತ್ರದ ಕೆಳಗೆ ತನ್ನದೇ ಒಂದು ಸಾಲು ಸೇರಿಸಿ, ಅಡಿಗೆರೆ ಎಳೆದ: 'ಹೆರಿಗೆಯನ್ನು ಶುರು ಮಾಡುವುದು ಮಗು, ತಾಯಿಯಲ್ಲ.' ಸಿಸ್ಟರ್ ಅದನ್ನು ಎರಡು ಸಲ ಓದಿ, ಮಡಿಸದೆ, ಸುರುಳಿ ಸುತ್ತಿ ತೆಗೆದುಕೊಂಡು ಹೋದರು. ನಡೆಯುವಾಗ ಅವತ್ತು ಅವರ ಚಪ್ಪಲಿಯ ಸದ್ದು ಕೇಳಿಸಿತು.

ಮರುದಿನ ಅವರು ಏನೂ ಹೇಳಲಿಲ್ಲ. ಅವನೂ ಕೇಳಲಿಲ್ಲ, ಮುಖ ಮಾತ್ರ ನೋಡುತ್ತಿದ್ದ. ಮುಖದಲ್ಲಿ ಏನೂ ಇರಲಿಲ್ಲ. ಬಾಣ ತಿರುಗುತ್ತಿತ್ತು, ಪೆನ್ಸಿಲ್ ಓಡುತ್ತಿತ್ತು. ಹತ್ತು ದಿನಕ್ಕೆ ಅತ್ತೆ ತೀರಿಕೊಂಡರು. ಸಿಸ್ಟರ್ ಒಂದು ವಾರ ರಜೆ ಹಾಕಿದರು. ಆ ವಾರ ಚಕ್ರ ತಿರುಗಿಸಿದ್ದು ಬಟನ್ನು. ಗೊತ್ತಾಗುವ ಮೊದಲೇ ಅವನ ಕೈ ಪೆನ್ಸಿಲಿಗೆ ಹೋಗಿತ್ತು. 'ತಡ' ಎಂಬ ಕೆಂಪನ್ನೂ ಅದೇ ವಾರ ಅಳಿಸಿದ. ಯಾಕೆಂದು ಮೇಲಿನವರು ಕೇಳಿದಾಗ ಯಂತ್ರ ಕೆಟ್ಟಿದೆ ಎಂದ. ನೌಕರಿಯಲ್ಲಿ ಅವನು ಆಡಿದ ಮೊದಲ ಒಳ್ಳೆಯ ಸುಳ್ಳು.

ರಜೆ ಮುಗಿಸಿ ಬಂದ ದಿನ ಸಿಸ್ಟರ್ ಚೀಲದಿಂದ ಆ ಹಳದಿ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟರು. ಮೊಳೆಯ ತೂತಿನ ಸುತ್ತ ತುಕ್ಕಿನ ಉಂಗುರವಿತ್ತು. ರಬ್ಬರು ತೆಗೆದುಕೊಂಡು ಆ ತಾರೀಕನ್ನು ಉಜ್ಜಿದರು, ದಿನಾ ಎಷ್ಟೋ ಕಾರ್ಡುಗಳ ಮೇಲೆ ಮಾಡುವ ಹಾಗೆ. ಮಸಿ ಹೋಗಲಿಲ್ಲ. ರಟ್ಟಿನ ನಾರು ಎದ್ದಿತು ಅಷ್ಟೆ. ರಬ್ಬರಿನ ಚೂರುಗಳನ್ನು ಅಂಗೈಯಿಂದ ಗುಡಿಸಿ, ಬಟನ್ನು ಕೇಳದೆಯೇ ಹೇಳತೊಡಗಿದರು.

ಚಿತ್ರದ ಹಾಳೆ ಒಯ್ದ ಸಂಜೆಯೇ ಅದನ್ನು ಅತ್ತೆಯ ಹಾಸಿಗೆಯ ಮೇಲೆ ಹರಡಿ, ಒಂದೊಂದು ಬಾಣಕ್ಕೂ ಬೆರಳಿಟ್ಟು ತಿಳಿಸಿ ಹೇಳಿದರಂತೆ. ಅತ್ತೆ ಮಧ್ಯೆ ಬಾಯಿ ಹಾಕದೆ ಕೇಳಿದರು. ಕೊನೆಗೆ ಸಿಸ್ಟರ್ ಕೆಳಗಿನ ಸಾಲನ್ನೂ ಓದಿ ಹೇಳಿದರು. ಅತ್ತೆ ಬಹಳ ಹೊತ್ತು ಹಾಳೆಯ ಮೇಲೆ ಕೈಯಾಡಿಸಿದರು, ಬಾಣಗಳ ಮೇಲಲ್ಲ, ಮಗುವಿನ ಚಿತ್ರದ ಮೇಲೆ. ಆಮೇಲೆ ಕೇಳಿದರು:

"ಹಾಗಾದ್ರೆ ಅವಳೇ ಬರೋಕೆ ಒಪ್ಪಲಿಲ್ಲ ಅಂತೀಯಾ? ತಪ್ಪು ನನ್ನ ಮೊಮ್ಮಗಳದಾ?"

ಹಾಗಲ್ಲ, ಅದು ಯಾರ ತಪ್ಪೂ ಅಲ್ಲ ಎಂದು ಸಿಸ್ಟರ್ ಹೇಳಲು ಹೋದರು. ಆ ಮಾತು ಅತ್ತೆಯ ಕಿವಿಗೆ ಬೀಳಲಿಲ್ಲ. ಮಗು ಹೋದಾಗ ಅಳದವರು, ಮಗ ಹೋದಾಗಲೂ ಅಳದವರು, ಅವತ್ತು ಹಲ್ಲಿಲ್ಲದ ಬಾಯಿ ತೆರೆದುಕೊಂಡು ಅತ್ತರಂತೆ. ಅಷ್ಟು ಚಿಕ್ಕ ಕೂಸಿಗೆ ಏನು ಗೊತ್ತಿತ್ತು, ಅದರ ಮೇಲೆ ಯಾಕೆ ಹಾಕುತ್ತೀಯಾ ಎಂದು ಸೊಸೆಯ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಆ ಕೈ ತನ್ನದನ್ನು ಹಾಗೆ ಹಿಡಿದದ್ದು ಅದೇ ಮೊದಲು ಎಂದರು ಸಿಸ್ಟರ್.

"ಇಲ್ಲ ಅತ್ತೆ, ಕಾಗದದಲ್ಲಿ ತಪ್ಪಾಗಿ ಬರೆದಿದ್ದಾರೆ, ನನ್ನ ಮೈಯೇ ಕರೀಲಿಲ್ಲ ಅಂದೆ. ಹಾಗನ್ನು ಮತ್ತೆ, ಅಂದ್ರು. ಕಣ್ಣು ಒರೆಸ್ಕೊಂಡು ಮಲಗಿದ್ರು."

ಹಾಳೆಯನ್ನು ಸುರುಳಿ ಸುತ್ತಿ ಬೀರುವಿನ ಮೇಲೆ ಇಟ್ಟರಂತೆ. ಅದೀಗಲೂ ಅಲ್ಲೇ ಇದೆ. ಅತ್ತೆ ಆಮೇಲೆ ಆ ವಿಷಯ ಎತ್ತಲಿಲ್ಲ. ಟೀ ತಡವಾದರೆ ಮಾತ್ರ ಹಳೆಯ ಮಾತನ್ನೇ ಅನ್ನುತ್ತಿದ್ದರು, ಕೊನೆಯ ದಿನದವರೆಗೂ.

ಬಟನ್ನಿನ ಕಣ್ಣ ಮುಂದೆ ತಾನು ಎಳೆದ ಅಡಿಗೆರೆ ಬಂತು. ಆ ಒಂದು ಸಾಲು ಸೇರಿಸದೆ ಇದ್ದಿದ್ದರೆ ಎಂದುಕೊಂಡ. ಹೊರಗೆ ಕಾರಿಡಾರಿನಲ್ಲಿ ಹೆಂಗಸರು ಸಾಲು ಕಟ್ಟುತ್ತಿದ್ದರು. ಸಿಸ್ಟರ್ ಹಳದಿ ಕಾರ್ಡನ್ನು ಡ್ರಾಯರಿನಲ್ಲಿ ಹಾಕಿ, ಪೆನ್ಸಿಲ್ ಚೂಪು ಮಾಡತೊಡಗಿದರು. ಸುಮ್ಮನಿರಬೇಕಾದ ಕಡೆ ಸುಮ್ಮನಿರುವುದು ಅವನ ಜಾಯಮಾನದಲ್ಲೇ ಇಲ್ಲವಲ್ಲ, ಕೇಳಿಯೇಬಿಟ್ಟ: ನಿಮ್ಮದಲ್ಲ ಅಂತ ಗೊತ್ತಾದ ಮೇಲೂ ಮತ್ತೆ ಯಾಕೆ ನಿಮ್ಮ ಮೇಲೇ ಹಾಕ್ಕೊಂಡ್ರಿ ಸಿಸ್ಟರ್?

ಅವರು ಪೆನ್ಸಿಲಿನ ತುದಿಯನ್ನು ಊದಿ, ಮೊದಲ ಕಾರ್ಡನ್ನು ಎಳೆದುಕೊಂಡರು.

"ಬೈಸ್ಕೊಂಡು ನನಗೆ ಅಭ್ಯಾಸ ಇದೆ. ನನ್ನ ಮಗಳಿಗಿಲ್ಲ."